ಡಬ್ಬಿ ಬಿಚ್ಚುವ ಮೊದಲು ಮಾಳಿಗೆ ಏರಿ ನೋಡ್ರಿ

"ಮಾಳಿಗಿ ಸೋರದಂಗ ಮಾಡಾಕ ಚದರಡಿಗೆ ಎಷ್ಟು ಬೀಳ್ತೈತ್ರಿ?"

ರೋಹಿಣಿ ಮಳೆ ಹತ್ತಿರ ಬಂತೆಂದರೆ ಕುಷ್ಟಗಿ ಸಂತೆಯಲ್ಲಿ, ಯಲಬುರ್ಗಾದ ಗೊಬ್ಬರದ ಅಂಗಡಿ ಕಟ್ಟೆ ಮೇಲೆ ಈ ಪ್ರಶ್ನೆ ಕೇಳಿಬರುತ್ತದೆ. ಒಬ್ಬೊಬ್ಬರು ಒಂದೊಂದು ದರ ಹೇಳುತ್ತಾರೆ. ಒಬ್ಬನ ದರ ಇನ್ನೊಬ್ಬನದಕ್ಕಿಂತ ನಾಲ್ಕು ಪಟ್ಟು ಇದ್ದರೂ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಅವರವರ ಮಾಳಿಗೆ ಬೇರೆ, ಅಷ್ಟೆ. ಚದರಡಿ ಲೆಕ್ಕ ಎಂಬುದು ಬಣ್ಣ ಮಾರುವವರಿಗೆ ಅನುಕೂಲದ ಲೆಕ್ಕ. ಮನೆಯವನ ಲೆಕ್ಕ ಬೇರೆ ಇರಬೇಕು. ನೀರು ಯಾವ ಕಡೆ ಹೋಗಬೇಕು, ಮಾಳಿಗೆ ಈಗಾಗಲೇ ಎಷ್ಟು ಭಾರ ಹೊತ್ತಿದೆ, ನಾವು ಅದನ್ನು ಏರಿ ನೋಡಿ ಎಷ್ಟು ವರ್ಷವಾಯಿತು, ಖರ್ಚು ನಿಂತಿರುವುದು ಇವುಗಳ ಮೇಲೆ. ಮೇಲೆ ಬಳಿಯುವ ಸರಕು ಕೊನೆಯ ಮಾತು.

ನೀರಿನಿಂದ ಶುರು ಮಾಡೋಣ. 20 ಅಡಿ ಅಗಲ, 30 ಅಡಿ ಉದ್ದದ ಮನೆ ಅಂತ ಇಟ್ಟುಕೊಳ್ಳಿ, 600 ಚದರಡಿ. ಇದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 550 ಲೀಟರ್ ನೀರಾಯಿತು. ನಮ್ಮ ಜಿಲ್ಲೆಯ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಹಾಗಾದರೆ ವರ್ಷಕ್ಕೆ ಸುಮಾರು 33,000 ಲೀಟರ್. 200 ಲೀಟರಿನ ಬ್ಯಾರೆಲ್ ಲೆಕ್ಕದಲ್ಲಿ 165 ಬ್ಯಾರೆಲ್. ಕೊಡ ಹಿಡಿದು ನಲ್ಲಿ ಮುಂದೆ ಪಾಳಿ ನಿಲ್ಲುವ ನಾವು, ತಲೆ ಮೇಲೆ ಬೀಳುವ ಇಷ್ಟು ನೀರಿಗೆ ಬಿಟ್ಟಿರುವ ದಾರಿ ಬಹಳ ಮನೆಗಳಲ್ಲಿ ಒಂದೇ ಒಂದು ದೋಣಿ. ಅದರ ಬಾಯಲ್ಲಿ ಬೇವಿನ ಎಲೆ, ಶೇಂಗಾ ಹೊಟ್ಟು, ಹುಡುಗರ ಚೆಂಡು. ದೋಣಿ ಬಾಯಿ ಕಟ್ಟಿದರೆ ಎಂಥ ಮಾಳಿಗೆಯೂ ಕೆರೆಯೇ. ಅದನ್ನು ಬಿಡಿಸಲು ಒಂದು ಕಟ್ಟಿಗೆ ಸಾಕು, ರೊಕ್ಕ ಬೇಕಾಗಿಲ್ಲ.

ಗುಡುಗಿ ಸುರಿದು ಹೋಗುವ ಮಳೆಗೆ ಮಣ್ಣಿನ ಮಾಳಿಗೆ ಹೆದರುವುದಿಲ್ಲ. ಕಾಡುವುದು ಹಸ್ತ, ಚಿತ್ತಿ ಮಳೆಯ ಜಿಟಿಜಿಟಿ. ಎರಡು ದಿನ ಬಿಡದೆ ಹಿಡಿದರೆ ಮಣ್ಣು ಅಡಿತನಕ ನೆನೆದು, ಜಂತಿಯ ತುದಿಯಿಂದ ಗೋಡೆಯೊಳಗೆ ಇಳಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಉತ್ತರ ಕರ್ನಾಟಕದಲ್ಲಿ ಲಕ್ಷಾಂತರ ಮನೆಗಳಿಗೆ ಹಾನಿಯಾಯಿತು. ಹೊಳೆ ಏರಿ ಬಂದ ಊರುಗಳು ಒಂದು ಕಡೆ. ಹೊಳೆಯ ಮುಖವನ್ನೇ ನೋಡದ ಊರುಗಳಲ್ಲೂ ಮಣ್ಣಿನ ಗೋಡೆಗಳು ಕೂತವು. ಗೋಡೆ ಕೆಳಗಿನಿಂದ ಮಾತ್ರ ನೆನೆಯುತ್ತದೆ ಅಂತ ತಿಳಿದವರಿಗೆ ಆ ವಾರ ಪಾಠ ಹೇಳಿತು. ನೆತ್ತಿಯಿಂದ ನೆನೆದ ಗೋಡೆ ಒಂದು ಮಾತೂ ಹೇಳದೆ ರಾತ್ರಿ ಬೀಳುತ್ತದೆ. ಹೀಗಾಗಿ ಮಾಳಿಗೆ ಸೋರುವುದನ್ನು ಬರೀ ಬಟ್ಟೆಬರೆ ನೆನೆಯುವ ಕಿರಿಕಿರಿ ಅಂತ ನೋಡುವುದು ತಪ್ಪು.

ಈಗ ಮಣ್ಣಿನ ಮಾತಿಗೆ ಬರೋಣ. ತೊಲೆ, ಅದರ ಮೇಲೆ ಜಂತಿ, ಜಂತಿ ಮೇಲೆ ಹಲಗೆ ಇಲ್ಲವೇ ಸಣ್ಣ ಕಟ್ಟಿಗೆ, ಮೇಲೆ ಸೊಪ್ಪು, ಕೊನೆಗೆ ಮಣ್ಣು. ಮೇಲಿನ ಪದರಕ್ಕೆ ನಮ್ಮ ಹಿರಿಯರು ಸಿಕ್ಕಿದ ಮಣ್ಣು ಹಾಕುತ್ತಿರಲಿಲ್ಲ. ಹಾಳೂರ ದಿಬ್ಬದ ಹಾಳಮಣ್ಣು, ಇಲ್ಲವೇ ಬೆಳೆ ಬಾರದ ಸವಳು ಜಾಗದ ಕರ್ಲು ಮಣ್ಣು ಹುಡುಕಿಕೊಂಡು ಹೋಗುತ್ತಿದ್ದರು. ಅದರಲ್ಲಿ ಅರ್ಥವಿದೆ. ಸೋಡಿಯಂ ಅಂಶ ಹೆಚ್ಚಿರುವ ಮಣ್ಣು ಮಳೆನೀರು ತಾಗಿದ ಕೂಡಲೆ ಸಣ್ಣ ಸಣ್ಣ ಕಣವಾಗಿ ಬಿಡಿಸಿಕೊಳ್ಳುತ್ತದೆ. ಆ ಕಣಗಳು ರಂಧ್ರಗಳಲ್ಲಿ ಕೂತು ದಾರಿ ಮುಚ್ಚುತ್ತವೆ. ನೀರು ಇಳಿಯುವುದಿಲ್ಲ, ಮೇಲೆ ಹರಿದು ಹೋಗುತ್ತದೆ. ಹೊಲದಲ್ಲಿ ಇದೇ ಗುಣ ನಮ್ಮನ್ನು ಅಳಿಸುತ್ತದೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ ಕಡೆ ಸವಳು ಜವಳು ಹಿಡಿದ ಭೂಮಿ ಎಷ್ಟೆಂದು ಭತ್ತ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ಈ ಭೂಮಿಯ ಮೇಲೇ ಕೆಲಸ ಮಾಡುತ್ತ ಬಂದಿದೆ. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ಮದ್ದು! ಹೊಲ ಸುಧಾರಿಸಲು ನಾವು ಜಿಪ್ಸಂ ಹಾಕುತ್ತೇವಲ್ಲ, ಅದು ಸೋಡಿಯಂ ತೆಗೆದು ಮಣ್ಣಿಗೆ ನೀರು ಇಳಿಯುವಂತೆ ಮಾಡುತ್ತದೆ. ಆದ್ದರಿಂದ ಜಿಪ್ಸಂ ಹಾಕಿದ ಹೊಲದ ಮಣ್ಣನ್ನು ಮಾಳಿಗೆಗೆ ತರಬೇಡಿ.

ಎಲ್ಲ ಸವಳೂ ಒಂದೇ ಅಲ್ಲ. ಬಿಳಿ ಉಪ್ಪು ಕಟ್ಟಿದ ಮಣ್ಣೆಲ್ಲ ಮಾಳಿಗೆಗೆ ಆಗುತ್ತದೆ ಅಂತ ತಿಳಿಯಬಾರದು. ಪರೀಕ್ಷೆ ಸುಲಭ. ಒಣಗಿದ ಒಂದು ಸಣ್ಣ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಲ್ಲಿ ಮೆಲ್ಲಗೆ ಬಿಡಿ, ಅಲುಗಾಡಿಸಬೇಡಿ. ಸ್ವಲ್ಪ ಹೊತ್ತಿನಲ್ಲಿ ಹೆಂಟೆಯ ಸುತ್ತ ಹಾಲು ಚೆಲ್ಲಿದಂತೆ ಬಗ್ಗಡ ಹರಡಿದರೆ ಆ ಮಣ್ಣು ಮಾಳಿಗೆಗೆ ಆದೀತು. ಹೆಂಟೆ ಉದುರಿ ಬಿದ್ದರೂ ನೀರು ತಿಳಿಯಾಗಿಯೇ ಉಳಿದರೆ ಬೇಡ. ಬೋರಿನ ಉಪ್ಪು ನೀರಲ್ಲಿ ಈ ಪರೀಕ್ಷೆ ಕೈಕೊಡುತ್ತದೆ, ಮಳೆನೀರೇ ಬೇಕು. ಇನ್ನು ಎರೆ ಮಣ್ಣು ಹತ್ತಿರ ಸಿಗುತ್ತದೆಂದು ಹಾಕುವವರಿದ್ದಾರೆ. ಬ್ಯಾಡ್ರಿ. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಮಣ್ಣು ಅದು. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಹೋಗುತ್ತದೆ, ಮಾಳಿಗೆ ಮೇಲೆ ಹೋಗದೇ ಇರುತ್ತದೆಯೇ?

ಮಣ್ಣು ಪುಕ್ಕಟೆ, ಖರ್ಚು ಅಗೆತ ಮತ್ತು ಬಾಡಿಗೆಯದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಖರ್ಚು ಭಾರದ್ದು. ನಮ್ಮ 600 ಚದರಡಿ ಮಾಳಿಗೆಗೆ ಒಂದು ಇಂಚು ಮಣ್ಣು ಹರಡಿದರೆ 50 ಘನ ಅಡಿ, ತೂಕದಲ್ಲಿ ಎರಡು ಟನ್ನಿಗಿಂತ ಜಾಸ್ತಿ. ಹಳೆಯ ಮಣ್ಣು ಕೆರೆದು ತೆಗೆಯದೆ ಹತ್ತು ವರ್ಷ ಒಂದೊಂದು ಇಂಚು ಏರಿಸುತ್ತ ಹೋದರೆ, ಅರ್ಧ ಮಳೆಗೆ ಕೊಚ್ಚಿ ಹೋಯಿತು ಅಂದರೂ, 11 ಟನ್ ಹೊಸ ಭಾರ. ಮೊದಲೇ ಒಂದು ಗೇಣು ದಪ್ಪ ಮಣ್ಣಿದ್ದ ಮಾಳಿಗೆಯಾದರೆ ಅದರದೇ 20 ಟನ್ ಇರುತ್ತದೆ. ನೆನೆದಾಗ ಇನ್ನೂ ಹೆಚ್ಚು. ಇಷ್ಟೆಲ್ಲ ಹೊತ್ತಿರುವುದು ಅಜ್ಜನ ಕಾಲದ ತೊಲೆ, ಅದರ ಒಂದು ತುದಿಗೆ ಒರಲೆ ಹತ್ತಿರುತ್ತದೆ. ತೊಲೆ ನಡುವೆ ಬಾಗಿದರೆ ಮಾಳಿಗೆ ನಡುವೆ ತಗ್ಗು ಬೀಳುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಸೋರುತ್ತದೆ. ಸೋರಿತೆಂದು ಆ ತಗ್ಗಿಗೇ ಇನ್ನೆರಡು ಬುಟ್ಟಿ ಮಣ್ಣು ಸುರಿಯುತ್ತೇವೆ. ರೋಗಕ್ಕೆ ರೋಗವನ್ನೇ ಔಷಧ ಕೊಟ್ಟಂತಾಯಿತು. ಎರಡು ವರ್ಷಕ್ಕೊಮ್ಮೆಯಾದರೂ ಮೇಲಿನ ಸಡಿಲ ಮಣ್ಣು ಕೆರೆದು ಇಳಿಸಿ, ಇಳಿಸಿದಷ್ಟೇ ಹೊಸದು ಹಾಕಿ, ದೋಣಿ ಕಡೆಗೆ ಇಳಿಜಾರು ಮಾಡಿ ದಮ್ಮಸ್ಸು ಮಾಡಿದರೆ ತೊಲೆ ಉಳಿಯುತ್ತದೆ. ತೊಲೆ ಬದಲಿಸುವ ಖರ್ಚು ಬಂದರೆ ಮಣ್ಣಿನ ಖರ್ಚು ಯಾವ ಲೆಕ್ಕ?

ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವುದು ಈಗ ಅಲ್ಲಲ್ಲಿ ಬಂದಿದೆ. ಕೃಷಿಹೊಂಡದಿಂದ ತೆಗೆದ ಹಳೆಯ ಹಾಳೆಯನ್ನೂ ಹಾಸಿದವರಿದ್ದಾರೆ. ನನಗೆ ಇದು ಒಪ್ಪಿಗೆ, ಒಂದು ಷರತ್ತಿನ ಮೇಲೆ: ದಪ್ಪ ಮಣ್ಣು ಇಳಿಸಿ, ಹಾಳೆ ಹಾಸಿ, ಮೂರು ನಾಲ್ಕು ಇಂಚು ಮಾತ್ರ ಮೇಲೆ ಹಾಕಬೇಕು. ಬಿಸಿಲು ತಾಗದಂತೆ ಮಣ್ಣಿನೊಳಗೆ ಇದ್ದರೆ ಹಾಳೆ ಬಾಳುತ್ತದೆ. ಬರೀ ಮೇಲೆ ಹೊದಿಸಿ ಕಲ್ಲು ಇಟ್ಟರೆ ನಮ್ಮ ಬಿಸಿಲಿಗೆ ಬೇಗ ಪುಡಿಪುಡಿ. ಚುನಾವಣೆ ಮುಗಿದ ಮೇಲೆ ನಾಯಕರ ಫ್ಲೆಕ್ಸುಗಳು ಎಷ್ಟೋ ಮಾಳಿಗೆ ಮೇಲೆ ಮಲಗುತ್ತವೆ. ಅವೂ ಅಷ್ಟೇ, ಐದು ವರ್ಷ ಬರುವುದಿಲ್ಲ. ಇಲಿ ಕಡಿಯುವುದೊಂದು ತಾಪತ್ರಯ ಇದ್ದೇ ಇದೆ. ರಾಶಿ ಮುಚ್ಚಲು ತಂದ ತಾಡಪತ್ರಿಯನ್ನು ಮಾಳಿಗೆಗೆ ಹೊದಿಸಿದರೆ ಕಣದಲ್ಲಿ ಸಜ್ಜೆ ನೆನೆಯುತ್ತದೆ. ಮೊಳೆತ ಸಜ್ಜೆಗೆ ಪೇಟೆಯಲ್ಲಿ ಸಿಗುವ ದರವನ್ನೂ ಮಾಳಿಗೆ ಖರ್ಚಿನಲ್ಲೇ ಬರೆಯಬೇಕಾಗುತ್ತದೆ.

ಕೆಲಸ ಬಲ್ಲ ಆಳು ಸಿಗದಿರುವುದು ಖರ್ಚು ಏರಲು ಇನ್ನೊಂದು ಕಾರಣ. ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗುವವರು ಅಲ್ಲಿ ಮಂದಿಯ ಮನೆಗೆ ಛತ್ತು ಹಾಕುತ್ತಾರೆ. ಊರಲ್ಲಿ ಅವರ ಮನೆಗೆ ಬೀಗ. ಬೀಗ ಬಿದ್ದ ಮನೆಯ ಮಾಳಿಗೆ ಮೇಲೆ ಮೊದಲು ಹುಲ್ಲು, ಆಮೇಲೆ ಬೇವಿನ ಸಸಿ, ಅರಳಿ ಸಸಿ. ಬೇರು ಇಳಿದ ದಾರಿಯಲ್ಲೇ ನೀರೂ ಇಳಿಯುತ್ತದೆ. ಅಂಗೈಯುದ್ದ ಇದ್ದಾಗ ಕಿತ್ತರೆ ಕೈಯಲ್ಲಿ ಬರುವ ಸಸಿ, ಎರಡು ಮಳೆಗಾಲ ಬಿಟ್ಟರೆ ಕುಂಬಿಯನ್ನು ಸೀಳುತ್ತದೆ. ಗುಳೆ ಹೋಗುವವರು ದನವನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ ಹೋಗುತ್ತಾರೆ. ಹಾಗೆಯೇ ಮಾಳಿಗೆಯನ್ನೂ ಒಪ್ಪಿಸಿ ಹೋಗುವ ರೂಢಿ ಬರಬೇಕು.

"ಈ ಜಂಜಾಟ ಯಾಕ, ಒಮ್ಮೆ ಛತ್ತು ಹಾಕಿಸಿ ಬಿಟ್ರ ಮುಗೀತು" ಎನ್ನುವವರಿಗೆ ನನ್ನ ಉತ್ತರ: ಮುಗಿಯುವುದಿಲ್ಲ. ಏಪ್ರಿಲ್ ತಿಂಗಳು ಹಗಲು ಕಾದು, ರಾತ್ರಿ ತಣಿದು, ಛತ್ತು ದಿನವೂ ಹಿಗ್ಗಿ ಕುಗ್ಗುತ್ತದೆ. ಕುಂಬಿ ಛತ್ತಿಗೆ ಕೂಡುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಸೋರಿಕೆಯ ಹೆಚ್ಚಿನ ಪಾಲು ಈ ಮೂಲೆಯದು ಮತ್ತು ದೋಣಿಯ ಕೊಳವೆ ಸುತ್ತಲಿನದು, ನಡು ಛತ್ತಿನದಲ್ಲ. ಬಣ್ಣ ಬಳಿಯುವವರು ನಡುವೆಯೇ ಚೆನ್ನಾಗಿ ಬಳಿದು ಮೂಲೆಯಲ್ಲಿ ಕುಂಚ ಎಳೆದು ಹೋಗುತ್ತಾರೆ. ಗೋಡೆ ಮೇಲೆ ಒಂದು ಅಡಿ ಏರಿಸಿ ಬಳಿಯಬೇಕು. ನಮ್ಮ ಮನೆಯ ಸುತ್ತಳತೆ 100 ಅಡಿ, ಅಂದರೆ 100 ಚದರಡಿ ಹೆಚ್ಚು. ದರ ಮಾತಾಡುವಾಗ ಇದು ಒಳಗೋ ಹೊರಗೋ ಎಂದು ಮೊದಲೇ ಕೇಳಿಕೊಳ್ಳಿ. ಎಷ್ಟು ಕೈ ಬಳಿಯುತ್ತಾರೆ, ಹಳೆಯ ಸಿಪ್ಪೆ ಕೆರೆದು ತೊಳೆಯುವ ಕೂಲಿ ಯಾರದು ಎಂಬುದನ್ನೂ. ಗಿಣಿಗೇರಿ, ಹಿರೇಬಗನಾಳ ಕಡೆ ಕಾರ್ಖಾನೆಯ ಕಪ್ಪು ದೂಳು ಕೂರುವ ಊರುಗಳಲ್ಲಿ ತೊಳೆಯುವುದೇ ಅರ್ಧ ಕೆಲಸ. ದೂಳಿನ ಮೇಲೆ ಬಳಿದ ಬಣ್ಣ ಹಪ್ಪಳದಂತೆ ಏಳುತ್ತದೆ.

ಇಳಿಜಾರಿನ ಲೆಕ್ಕವನ್ನು ಗೌಂಡಿಗಳು ಬಾಯಲ್ಲೇ ಮುಗಿಸುತ್ತಾರೆ, ಆದರೆ ರೊಕ್ಕ ಹೆಚ್ಚು ಸೋರುವುದು ಇಲ್ಲೇ. 30 ಅಡಿ ಉದ್ದಕ್ಕೆ ಒಂದೇ ಕಡೆ ಕೊಳವೆ ಇಟ್ಟು, 60 ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟರೆ ಎತ್ತರದ ತುದಿಯಲ್ಲಿ 6 ಇಂಚು ಕಾಂಕ್ರೀಟ್ ಬೇಕು. ಸರಾಸರಿ 3 ಇಂಚು, ಒಟ್ಟು 150 ಘನ ಅಡಿ. ಅದೇ ನಡುವೆ ಏಣು ಮಾಡಿ ಎರಡೂ ತುದಿಗೆ ಕೊಳವೆ ಇಟ್ಟರೆ 75 ಘನ ಅಡಿ ಸಾಕು. 1:4:8 ಹದದ ಬಡ ಕಾಂಕ್ರೀಟ್ ಆದರೂ ಏಳು ಚೀಲ ಸಿಮೆಂಟು ಉಳಿಯಿತು. ಅದರ ಉಸುಕು, ಕಡಿ, ಹೊತ್ತು ಏರಿಸುವ ಕೂಲಿ ಉಳಿಯಿತು. ಛತ್ತಿನ ಮೇಲಿನ ಐದು ಟನ್ ಭಾರ ಕಡಿಮೆಯಾಯಿತು. ಇಷ್ಟಕ್ಕೂ ಬೇಕಾದದ್ದು ಇನ್ನೊಂದು ತುಂಡು ಪೈಪು. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ, ಹೇಳಿದರೆ ಅವನ ಸಿಮೆಂಟು ಹೋಗುವುದಿಲ್ಲ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದು ಸಂತೋಷ. ಆದರೆ ಹಾಕದೇ ಉಳಿಸಿದ ಚೀಲಕ್ಕೆ ತೆರಿಗೆಯೇ ಇಲ್ಲವಲ್ಲ!

ಕೊಳವೆಯ ತುದಿ ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಗೆ ಚಾಚಿರಲಿ. ಹಿಂದೆ ಯಲಬುರ್ಗಾ, ಈಗ ಕುಕನೂರು ತಾಲೂಕಿಗೆ ಸೇರಿದ ಇಟಗಿಯ ಮಹಾದೇವ ಗುಡಿ 1112ರಲ್ಲಿ ಕಟ್ಟಿದ್ದು. ಅದರ ಸೂರಿನ ಕಲ್ಲು ಹೊರಗೆ ಚಾಚಿ ಇಳಿಜಾರಾಗಿರುವುದನ್ನು ಜಾತ್ರೆಗೆ ಹೋದಾಗ ನೋಡಿ. ಕಲ್ಲಿನ ಗುಡಿಗೇ ನೀರನ್ನು ದೂರ ಚೆಲ್ಲುವ ಏರ್ಪಾಡು ಮಾಡಿದ್ದರು. ನಮ್ಮದು ಮಣ್ಣಿನ ಗೋಡೆ, ನೀರು ಬುಡಕ್ಕೇ ಬೀಳುತ್ತದೆ.

ಛತ್ತು ಕೆಡುವುದಕ್ಕೆ ಕಾರಣ ಮೇಲೇ ಇರಬೇಕೆಂದಿಲ್ಲ. ಎರೆ ಭೂಮಿಯಲ್ಲಿ ಪಾಯ ಆಳ ಇಲ್ಲದಿದ್ದರೆ ಮಳೆಗಾಲಕ್ಕೊಮ್ಮೆ ಮನೆ ಎದ್ದು, ಬೇಸಿಗೆಗೊಮ್ಮೆ ಕೂರುತ್ತದೆ. ಗೋಡೆಯಿಂದ ಏರಿದ ಬಿರುಕು ಛತ್ತಿಗೂ ಹೋಗುತ್ತದೆ. ಇದಕ್ಕೆ ಮೇಲೆ ಎಷ್ಟು ಡಬ್ಬಿ ಸುರಿದರೂ ಮುಂದಿನ ವರ್ಷ ಮತ್ತೆ ಅದೇ ಜಾಗ. ಮೊದಲು ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ಮಾಡಬೇಕು. ಗಂಗಾವತಿ ಕಡೆಯ ತೊಂದರೆ ಬೇರೆ. ಉಪ್ಪು ನೀರಲ್ಲಿ ಕಾಂಕ್ರೀಟ್ ಕಲಸಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕೆಳಗಿನ ಗಿಲಾವು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಛತ್ತಿನ ಅಡಿಯಲ್ಲಿ ಕೆಂಪು ಗೆರೆ ಕಂಡರೆ ಬಣ್ಣದ ಅಂಗಡಿಗೆ ಹೋಗುವುದು ದಂಡ, ಮೊದಲು ಕಬ್ಬಿಣದ ಗತಿ ನೋಡಿಸಬೇಕು. ಛತ್ತು ಹಾಕುವಾಗಲೇ ಒಂದು ಟ್ಯಾಂಕರ್ ಸಿಹಿ ನೀರು ತರಿಸಿದ್ದರೆ ಈ ಖರ್ಚು ಬರುತ್ತಿರಲಿಲ್ಲ. ನೀರಿಲ್ಲವೆಂದು ನಾಲ್ಕೇ ದಿನ ಉಣಿಸಿ ಬಿಟ್ಟ ಛತ್ತಿನ ಹಣೆಬರಹವೂ ಹೀಗೇ.

ಇನ್ನು ಸರಕಾರದ ಮಾತು. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಮನೆಗಳನ್ನು ಪಕ್ಕಾ, ಕಚ್ಚಾ ಎಂದು ವಿಂಗಡಿಸಿದರು. ಕಾದು ಕೆಂಡವಾಗುವ ತಗಡಿಗೂ ಸಿಮೆಂಟ್ ಶೀಟಿಗೂ 'ಪಕ್ಕಾ' ಸೂರಿನ ಹೆಸರು ಸಿಕ್ಕಿತು. ತಂಪಾಗಿ ಮಲಗಬಹುದಾದ ಮಣ್ಣಿನ ಮಾಳಿಗೆ 'ಕಚ್ಚಾ' ಪಟ್ಟಿಗೆ ಹೋಯಿತು. ಇಂದಿರಾ ಆವಾಸ್ ಯೋಜನೆ ಇದ್ದಾಗ ಹಳೆಯ ಕಚ್ಚಾ ಮನೆ ಸುಧಾರಿಸಲೂ ಅನುದಾನದ ಒಂದು ಪಾಲು ಇತ್ತು. 2016ರಲ್ಲಿ ಅದರ ಜಾಗಕ್ಕೆ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ ನಿಗದಿಯಾಯಿತು, ಅದು ಹೊಸ ಮನೆಗೆ. ಮಾಳಿಗೆ ಬಿದ್ದ ಮೇಲೆ ಪರಿಹಾರ ಇದೆ: ವಿಪತ್ತು ನಿಧಿಯ 2022ರ ನಿಯಮದಂತೆ ಕನಿಷ್ಠ ಶೇ 15ರಷ್ಟು ಹಾನಿಯಾದ ಕಚ್ಚಾ ಮನೆಗೆ 4,000 ರೂಪಾಯಿ, ಪಕ್ಕಾ ಮನೆಗೆ 6,500. ರಾಜ್ಯ ಸರಕಾರ ಕೆಲವು ವರ್ಷ ತನ್ನದನ್ನೂ ಸೇರಿಸಿ ಕೊಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ಬೀಳುವ ಮೊದಲು ಒಂದು ತೊಲೆಗೆ, ಎರಡು ಟ್ರೇಲರ್ ಮಣ್ಣಿಗೆ ಕೈ ಹಿಡಿಯುವ ದಾರಿ ಸಣ್ಣ ರೈತನಿಗೆ ಬೇಕು. ಗೋಡೆ ಗಟ್ಟಿ ಇರುವ ಮನೆಯನ್ನು ಕೆಡವಿ ಸಣ್ಣ ಛತ್ತಿನ ಮನೆ ಕಟ್ಟಿ, ಅರ್ಧಕ್ಕೆ ಸಾಲ ಮಾಡಿ, ಜೋಳದ ಚೀಲ ಇಡಲು ಜಾಗವಿಲ್ಲದೆ ಪಕ್ಕದಲ್ಲಿ ತಗಡು ಎಳೆದ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ದುರಸ್ತಿಗೆ ಅನುದಾನ ಕೇಳುವ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ, ಠರಾವು ಬರೆಸಿ. ಹೊಸ ಮನೆ ಕೇಳುವ ಗದ್ದಲದಲ್ಲಿ ಈ ಮಾತು ಯಾರ ಬಾಯಲ್ಲೂ ಬರುತ್ತಿಲ್ಲ.

ಕೆಲಸ ಯಾವಾಗ ಮಾಡಿಸಬೇಕು? ಎಲ್ಲರೂ ಮೇ ತಿಂಗಳು ಏಳುತ್ತಾರೆ. ಆಗ ಗೌಂಡಿಗೆ ಬೇಡಿಕೆ, ಟ್ರ್ಯಾಕ್ಟರಿಗೆ ಬೇಡಿಕೆ, ನೀರಿಲ್ಲ. ಕೈಯಲ್ಲಿದ್ದ ರೊಕ್ಕ ಬೀಜ ಗೊಬ್ಬರಕ್ಕೆ ಹೋಗುತ್ತದೆ, ಮಾಳಿಗೆಗೆ ಬಡ್ಡಿ ಸಾಲ. ಸಂಕ್ರಾಂತಿ ಆಸುಪಾಸು ಮೆಕ್ಕೆಜೋಳ, ಶೇಂಗಾ ಮಾರಿದ ರೊಕ್ಕ ಇರುತ್ತದೆ, ಬಾವಿಯಲ್ಲಿ ನೀರಿರುತ್ತದೆ, ಬಿಸಿಲು ಎಳೆಯದು. ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲಿ ಸೋರಿತ್ತು ಎಂಬುದು ಮನೆಯ ಹೆಣ್ಣುಮಕ್ಕಳಿಗೆ ನೆನಪಿರುತ್ತದೆ. ಪಾತ್ರೆ ಇಟ್ಟವರು ಅವರಲ್ಲವೇ. ಹಸ್ತ ಮಳೆಯಲ್ಲಿ ಸೋರಿದ ಜಾಗಕ್ಕೆ ಜಂತಿ ಮೇಲೆ ಇದ್ದಿಲಿನಿಂದ ಗುರುತು ಹಾಕಿಡಿ. ಒಳಗೆ ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ, ನೀರು ಜಂತಿ ಹಿಡಿದು ಎರಡು ಮೂರು ಅಡಿ ನಡೆದು ಬಂದಿರುತ್ತದೆ. ಛತ್ತಿನ ಮನೆಯಾದರೆ ಕುಂಬಿ ಮೂಲೆಗೊಮ್ಮೆ, ಕೊಳವೆ ಬಾಯಿಗೊಮ್ಮೆ, ಬಿರುಕಿಗೊಮ್ಮೆ ಬೇರೆ ಬೇರೆಯಾಗಿ ಎರಡೆರಡು ಕೊಡ ನೀರು ಸುರಿದು, ಒಂದು ತಾಸು ಕಾದು ಒಳಗೆ ನೋಡಿ. ಬಹಳ ಸಲ ಇಡೀ ಛತ್ತು ಬಳಿಸುವ ಬದಲು ಹತ್ತು ಅಡಿ ಮೂಲೆ ರಿಪೇರಿಯಲ್ಲೇ ಕೆಲಸ ಮುಗಿಯುತ್ತದೆ. ಮಣ್ಣಿನ ಮಾಳಿಗೆಗೆ ಈ ಪರೀಕ್ಷೆ ಬೇಡ.

ಕುಷ್ಟಗಿ ಕಡೆ ಕಲ್ಲು ಹಾಸಿದ ಮಾಳಿಗೆಗಳ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆದಿಲ್ಲ. ಕಲ್ಲು ಸೋರುವುದಿಲ್ಲ, ಸಂದು ಸೋರುತ್ತದೆ. ಗಟ್ಟಿ ಸಿಮೆಂಟಿನಿಂದ ಸಂದು ಮೆತ್ತಿದರೆ ಕಲ್ಲು ಬಿಸಿಲಿಗೆ ಹಿಗ್ಗುವಾಗ ಒಂದೆರಡು ವರ್ಷದಲ್ಲೇ ಬಿಡುತ್ತದೆ. ಸುಣ್ಣ, ಇಟ್ಟಂಗಿ ಪುಡಿ, ಬೆಲ್ಲದ ನೀರಿನ ಗಚ್ಚು ಸ್ವಲ್ಪ ಬಗ್ಗಿ ತಾಳಿಕೊಳ್ಳುತ್ತದೆ. ಈ ಗಚ್ಚನ್ನು ಕೈಯಾರೆ ಅರೆದು ಹಾಕಿದ ಹಿರಿಯರು ಊರಿಗೊಬ್ಬರು ಇಬ್ಬರು ಉಳಿದಿದ್ದಾರೆ. ಎಷ್ಟು ಸುಣ್ಣಕ್ಕೆ ಎಷ್ಟು ಪುಡಿ, ಎಷ್ಟು ದಿನ ಕೊಳೆ ಹಾಕಬೇಕು, ಅವರನ್ನು ಕೇಳಿ ಬರೆದು ಕಳಿಸ್ರಿ. ಅಂಚೆ ಕಾರ್ಡಿನಷ್ಟು ಬರೆದರೂ ಸಾಕು.